ಬೆಳಕಿನ ಕಾಲುವೆ

ಹಂಪಿಯ ರಾಜಾಂಗಣದಲ್ಲಿ ಕಲ್ಲಿನ ಮೇಲುಗಾಲುವೆಯಿಂದ ಪುಷ್ಕರಿಣಿಗೆ ನೀರು ಹರಿಯುತ್ತಿದ್ದಂತೆ, ಆಪ್ಟಿಕಲ್ ಫೈಬರ್ ಎಂಬ ದ್ಯುತಿತಂತುವಿನಲ್ಲಿ ಸಂದೇಶವು ಬೆಳಕಾಗಿ ಹರಿಯುತ್ತದೆ. ಹೊರಗಾಜಿಗಿಂತ ಒಳಗಾಜಿನ ವಕ್ರೀಭವನಾಂಕ ಅಧಿಕವಾದುದರಿಂದ ಬೆಳಕು ಪೂರ್ಣ ಪ್ರತಿಫಲನ ಹೊಂದಿ ಒಳಗೇ ಸಾಗುತ್ತದೆ.

ಗಾಜಿನ ವ್ಯಾಸ 0.125 ಮಿಲಿಮೀಟರು, ಮೇಲಣ ಲೇಪ ಸೇರಿ 0.25. ಲೇಪವನ್ನು ತೆಳುವಾಗಿಸಿ ಒಟ್ಟು ವ್ಯಾಸವನ್ನು 0.2ಕ್ಕೆ ಇಳಿಸಿದರೆ ಅಷ್ಟೇ ಸ್ಥಳದಲ್ಲಿ ಒಂದೂವರೆ ಮಡಿಗೂ ಮಿಕ್ಕ ತಂತುಗಳು ಅಡಗುತ್ತವೆ. ಇದು ಅಲ್ಪ ಲಾಭವೇ? ಹೊಸಪೇಟೆ 2021ರಲ್ಲಿ ಜಿಲ್ಲಾಕೇಂದ್ರವಾಯಿತು. ಕಛೇರಿಗಳು ಹೆಚ್ಚಿದಂತೆ ತಂತುಗಳೂ ಹೆಚ್ಚಬೇಕು. ಸಂಡೂರಿನ ಗಟ್ಟಿನೆಲವನ್ನೂ ಕಂಪ್ಲಿಯ ಗದ್ದೆಯಂಚನ್ನೂ ಮತ್ತೆ ಅಗೆಯಬಹುದು. ಆದರೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಮಣ್ಣಿನಡಿಯೂ ಇತಿಹಾಸವಿದೆ; ಗುದ್ದಲಿ ತಗುಲಿ ಕೆಟ್ಟುದು ಮರಳಿ ಬಾರದು. ಅಂಥಲ್ಲಿ ಹಿಂದೆ ಹೂಳಿದ ಕೊಳವೆಯಿದ್ದರೆ ಅದರೊಳಗೇ ಹೆಚ್ಚು ತಂತುಗಳನ್ನು ತೂರಿಸುವುದು ಲೇಸು. ಅತಿಯಾಗಿ ಬಾಗಿದೆಡೆ ಮಾತ್ರ ಬೆಳಕು ಸೋರುತ್ತದೆ. ಆದುದರಿಂದ ಬಾಗನ್ನು ತಾಳುವ ಗಾಜನ್ನೇ ಆರಿಸಬೇಕಾಗುತ್ತದೆ.