ಮಣಿಯದ ಎಣ್ಣೆ, ಮಣಿಯುವ ಗಾಳಿ

ಬೆಂಗಳೂರಿನ ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಓಣಿಗಳನ್ನು ಹೊಕ್ಕು ರಾಜಾಜಿನಗರದ ಕೈಗಾರಿಕಾ ವಸಾಹತಿನ ಕಡೆಗೆ ನಡೆಯುವವರಿಗೆ, ತಗಡನ್ನು ಒತ್ತಿ ಆಕಾರಕ್ಕೆ ತರುವ ಪ್ರೆಸ್ಸುಗಳ ಗಂಭೀರವಾದ ಮೊರೆತವೂ ಕಂಪ್ರೆಸರಿನ ಗಾಳಿಯ ಚುರುಕಾದ ಸೀತ್ಕಾರವೂ ಒಟ್ಟೊಟ್ಟಿಗೆ ಕೇಳಿಬರುವುದುಂಟು. ಒಂದು ದ್ರವದ ಬಲ, ಮತ್ತೊಂದು ವಾಯುವಿನ ಬಲ. ಎರಡಕ್ಕೂ ಆಧಾರವಾದ ನಿಯಮ ಒಂದೇ ಆದರೂ ಅವುಗಳ ಸ್ವಭಾವ ಪರಸ್ಪರ ವಿರುದ್ಧವಾದುದು.

ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಎಲ್ಲಿ ಒತ್ತಡವನ್ನು ಹಾಕಿದರೂ ಅದು ಕುಂದದೆ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು 17ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬ್ಲೇಸ್ ಪಾಸ್ಕಲನು ನಿರೂಪಿಸಿದನು. ಅದನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಒಂದು ಚದರ ಸೆಂಟಿಮೀಟರಿನ ಪಿಸ್ಟನ್ನನ್ನು 10 ಕಿಲೋಗ್ರಾಂ ಭಾರದಿಂದ ಎಣ್ಣೆಯ ಮೇಲೆ ಒತ್ತಿದರೆ, ಅದೇ ಎಣ್ಣೆಗೆ ತಗಲಿದ 100 ಚದರ ಸೆಂಟಿಮೀಟರಿನ ಪಿಸ್ಟನ್ನು 1,000 ಕಿಲೋಗ್ರಾಂ ಭಾರವನ್ನು ಎತ್ತಬಲ್ಲುದು. ಆದರೆ ಪ್ರಕೃತಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ: ಚಿಕ್ಕದು ಒಂದು ಮೀಟರು ಇಳಿದರೆ ದೊಡ್ಡದು ಏರುವುದು ಒಂದೇ ಸೆಂಟಿಮೀಟರು. ಗ್ಯಾರೇಜಿನಲ್ಲಿ ಜಾಕಿಯ ಹಿಡಿಯನ್ನು ಮತ್ತೆ ಮತ್ತೆ ಒತ್ತಬೇಕಾಗಿರುವುದು ಈ ಕಾರಣದಿಂದಲೇ.

ಎಣ್ಣೆ ಬಹುಮಟ್ಟಿಗೆ ಸಂಕೋಚಗೊಳ್ಳದಾದ್ದರಿಂದ, ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಮೀರಿದ ಒತ್ತಡದಲ್ಲಿಯೂ ಮಣ್ಣಗೆಯುವ ಯಂತ್ರದ ತೋಳನ್ನು ಬೇಕೆಂದ ಕಡೆ ಅಲುಗದಂತೆ ನಿಲ್ಲಿಸುತ್ತದೆ. ಗಾಳಿಯಾದರೋ ಕುಗ್ಗುತ್ತದೆ, ಹಿಗ್ಗುತ್ತದೆ, ಶಕ್ತಿಯನ್ನು ಕೂಡಿಡುತ್ತದೆ. ಕೂಡಿಟ್ಟದ್ದು ಒಮ್ಮೆಗೇ ಸಿಡಿದರೆ ಅಪಾಯವಾದುದರಿಂದಲೂ, ಕುಗ್ಗಿಸುವಾಗ ಶಕ್ತಿಯ ಬಹುಭಾಗ ಶಾಖವಾಗಿ ನಷ್ಟವಾಗುವುದರಿಂದಲೂ, ಕಾರ್ಖಾನೆಗಳಲ್ಲಿ ಅದನ್ನು ಆರೇಳು ಕಿಲೋಗ್ರಾಮಿನ ಒತ್ತಡದಲ್ಲಿಯೇ ದುಡಿಸುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರವು ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಿರುವುದರಿಂದ, ಇಲ್ಲಿನ ಕಂಪ್ರೆಸರು ಅಷ್ಟೇ ಗಾಳಿಯನ್ನು ತುಂಬಲು ತುಸು ಹೆಚ್ಚು ಹೊತ್ತು ದುಡಿಯಬೇಕು.

ಕಾರಿನ ಬ್ರೇಕಿಗೆ ದ್ರವವೇ ಸಾಕು. ವಿಜಯನಗರದ ಇಕ್ಕಟ್ಟಿನಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ಭಾರಿ ಬಸ್ಸಿಗೆ ಗಾಳಿ ಬೇಕು. ಚಕ್ರವನ್ನು ಬಿಗಿಹಿಡಿದಿರುವ ಬಲವಾದ ಸ್ಪ್ರಿಂಗನ್ನು ಗಾಳಿಯೇ ಹಿಂದಕ್ಕೆ ತಳ್ಳಬೇಕಾದುದರಿಂದ, ಟ್ಯಾಂಕು ತುಂಬುವವರೆಗೆ ಬಸ್ಸು ಕೆಂಗೇರಿಯ ಡಿಪೋದಿಂದ ಹೊರಡಲಾರದು. ದಾರಿಯಲ್ಲಿ ಗಾಳಿ ಸೋರಿಹೋದರೆ ಸ್ಪ್ರಿಂಗು ತಾನಾಗಿಯೇ ಚಕ್ರವನ್ನು ಹಿಡಿಯುತ್ತದೆ. ಗಾಳಿಯಿಲ್ಲದಿರುವುದೇ ಬ್ರೇಕಾಗುವಂತೆ ಯೋಜಿಸಿದ ಬುದ್ಧಿ ಮೆಚ್ಚತಕ್ಕದ್ದು.

ಒಂದರ ಮಾಧ್ಯಮ ಇನ್ನೊಂದರೊಳಗೆ ನುಸುಳಿದರೆ ಮಾತ್ರ ಎರಡೂ ಕೆಡುತ್ತವೆ. ಕಾರಿನ ಬ್ರೇಕ್ ಎಣ್ಣೆಯಲ್ಲಿ ಗಾಳಿಗುಳ್ಳೆ ಸೇರಿದರೆ ಪೆಡಲು ಮೆತ್ತಗಾಗಿ, ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ತೇವ ತಣಿದು ನೀರಾಗಿ ನಿಂತರೆ ಉಕ್ಕು ತುಕ್ಕು ಹಿಡಿದು, ವಾಲ್ವು ಕಚ್ಚಿಕೊಳ್ಳುತ್ತದೆ. ಆದುದರಿಂದ ಬಲ್ಲ ಮೆಕ್ಯಾನಿಕ್ಕು ಬ್ರೇಕಿನಿಂದ ಗಾಳಿಯನ್ನು ತೆಗೆಯುತ್ತಾನೆ, ಟ್ಯಾಂಕಿನಿಂದ ನೀರನ್ನು ಬಸಿಯುತ್ತಾನೆ. ಈ ಎರಡು ಕೆಲಸಗಳ ಮರ್ಮವನ್ನು ಅರಿತವನು ಎರಡು ಶಾಸ್ತ್ರಗಳ ಸಾರವನ್ನೂ ಅರಿತಂತೆಯೇ.