ಹೃದಯದೋಷವುಳ್ಳ ಮಕ್ಕಳಿಗೆ ಆಟವುಂಟೆ?

ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8–9 ಶಿಶುಗಳಿಗೆ ಹೃದಯದ ರಚನೆಯಲ್ಲಿ ಯಾವುದಾದರೊಂದು ದೋಷವಿರುವುದೆಂದು ವೈದ್ಯರು ಗಣಿಸಿರುವರು. ಕೆಲವರಿಗೆ ಗೋಡೆಯಲ್ಲಿ ರಂಧ್ರ, ಕೆಲವರಿಗೆ ಕವಾಟದ ಬಿಗಿತ, ಮತ್ತೆ ಕೆಲವರಿಗೆ ರಕ್ತನಾಳಗಳ ಸ್ಥಾನಪಲ್ಲಟ. 1944ರ ನವೆಂಬರಿನಲ್ಲಿ ಅಮೆರಿಕೆಯ ಬಾಲ್ಟಿಮೋರಿನಲ್ಲಿ ಮೈ ನೀಲಿಗಟ್ಟಿದ್ದ ಶಿಶುವೊಂದಕ್ಕೆ ಹೆಸರಾಂತ ಶಸ್ತ್ರಚಿಕಿತ್ಸೆಯು ನಡೆದಾಗ ಇಂತಹ ಮಕ್ಕಳು ಬದುಕುವುದೇ ದೊಡ್ಡ ಮಾತಾಗಿದ್ದಿತು. ಈಗ ಬಹುಮಂದಿ ಬದುಕಿ ಬೆಳೆದು ಶಾಲೆಗೆ ಬರುತ್ತಿರುವರು. ಆದುದರಿಂದ ಗೃಹಸ್ಥರ ಮುಂದೆ ಹೊಸ ಪ್ರಶ್ನೆಯೊಂದು ನಿಂತಿರುವುದು: ಈ ಮಗುವು ಓಡಬಹುದೆ?

ನಮ್ಮ ಸೀಮೆಯ ಮನೆಗಳಲ್ಲಿ ಇದಕ್ಕೆ ಉತ್ತರವು ಸಿದ್ಧವಾಗಿಯೇ ಇರುವುದು: ಬೇಡ. ಹರಿಹರ ತಾಲ್ಲೂಕಿನ ಸಾರಥಿಯಿಂದ ನಮ್ಮಲ್ಲಿ ಓದಲು ಬರುತ್ತಿದ್ದ ಬಾಲಕನೊಬ್ಬನಿಗೆ ಎಳವೆಯಲ್ಲಿಯೇ ರಂಧ್ರವನ್ನು ಮುಚ್ಚಿದ್ದರು. ಆದರೂ ಡ್ರಿಲ್ಲಿನ ವೇಳೆಯಲ್ಲಿ ಉಳಿದವರ ಚಪ್ಪಲಿ ಕಾಯುವುದೇ ಅವನ ಪಾಲಿಗೆ ಬಂದಿದ್ದಿತು. ಅವನು ಹೆಜ್ಜೆ ಬಿರುಸು ಮಾಡಿದರೆ ಅಜ್ಜಿಯ ಎದೆ ಝಲ್ಲೆನ್ನುವುದು. ಅಜ್ಜಿಯ ಅಂತಃಕರಣವನ್ನು ಹಳಿಯುವವರಾರು? ಆದರೆ ಹುಡುಗನಿಗೆ ಮಾಳಿಗೆಯ ಮೆಟ್ಟಿಲೇರಿದರೂ ಏದುಸಿರು ಬರತೊಡಗಿತು. ಬೆಂಗಳೂರಿನಲ್ಲಿ ವ್ಯಾಯಾಮ ಪರೀಕ್ಷೆ ಮಾಡಿದಾಗ ಹೃದಯವು ನೆಟ್ಟಗಿರುವುದೆಂದೂ, ಆ ದಣಿವು ವರ್ಷಗಟ್ಟಲೆ ಕುಳಿತು ಬಂದುದೆಂದೂ ತಿಳಿಯಿತು.

ಆ ಪರೀಕ್ಷೆಯ ಕ್ರಮವನ್ನು ವಾಚಕರು ತಿಳಿದಿರುವುದು ಲೇಸು. ಮಗುವಿನ ಎದೆಗೆ ಇ.ಸಿ.ಜಿ. ತಂತಿಗಳನ್ನೂ, ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನೂ, ಬೆರಳಿಗೆ ರಕ್ತದ ಆಮ್ಲಜನಕವನ್ನಳೆಯುವ ಚಿಮಟವನ್ನೂ ಹಾಕಿ, ತಾನೇ ಹಿಂದಕ್ಕೆ ಸರಿಯುವ ಪಟ್ಟಿಯ ಮೇಲೆ, ಎಂದರೆ ಟ್ರೆಡ್‌ಮಿಲ್ಲಿನ ಮೇಲೆ, ನಡೆಯಿಸುವರು. ಅಮೆರಿಕೆಯ ರಾಬರ್ಟ್ ಬ್ರೂಸ್ ಎಂಬ ವೈದ್ಯರ ಕ್ರಮದಲ್ಲಿ 3 ನಿಮಿಷಕ್ಕೊಮ್ಮೆ ಪಟ್ಟಿಯ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೋಗುವರು. ಕೆಲವೆಡೆ ಮುಖಕ್ಕೆ ಮುಸುಕಿಟ್ಟು, ದೇಹವು ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲುದೆಂಬುದನ್ನೂ ಅಳೆಯುವರು. ನಾಡಿಯು ತಕ್ಕಷ್ಟು ಏರುವುದೋ, ಬಡಿತವು ತಾಳ ತಪ್ಪುವುದೋ, ರಕ್ತದೊತ್ತಡವು ಏರಬೇಕಾದಲ್ಲಿ ಇಳಿಯುವುದೋ ಎಂಬುದೆಲ್ಲ ಆಗ ವ್ಯಕ್ತವಾಗುವುದು. ಸುಮ್ಮನೆ ಮಲಗಿರುವ ಮಗುವಿನಲ್ಲಿ ಇವು ಕಾಣಲಾರವು. ಯಂತ್ರವಿಲ್ಲದೆಡೆ 6 ನಿಮಿಷಗಳಲ್ಲಿ ಮಗು ಎಷ್ಟು ದೂರ ನಡೆಯುವುದೆಂದು ಅಳೆಯುವ ಸುಲಭಕ್ರಮವೂ ಉಂಟು.

ವ್ಯಾಯಾಮವು ಬಲದ ಅರ್ಧವನ್ನು ಮೀರಬಾರದೆಂದೂ, ಹೃದಯದ ವಾಯುವು ಬಾಯಿಗೆ ಬರುವುದೇ ಅದರ ಗುರುತೆಂದೂ ಸುಶ್ರುತಸಂಹಿತೆಯು ಹೇಳುವುದು. ಒಬ್ಬೊಬ್ಬನ ಬಲವನ್ನು ಅಳೆದೇ ಮಿತಿಯನ್ನು ಹೇಳಬೇಕೆಂಬ ಆ ವಿವೇಕವು ನಮಗೆ ಬಹಳ ಹಿಡಿಸಿದುದುಂಟು.

ಎಲ್ಲ ದೋಷಗಳೂ ಒಂದೇ ಬಗೆಯವಲ್ಲ. ಸಣ್ಣ ರಂಧ್ರವುಳ್ಳವರೂ, ರಂಧ್ರವು ಚೆನ್ನಾಗಿ ಮುಚ್ಚಿದವರೂ ಬಹುಮಟ್ಟಿಗೆ ಓರಗೆಯವರಂತೆಯೇ ಆಡಬಹುದು. ಮಹಾಧಮನಿಯ ಕವಾಟವು ತೀವ್ರವಾಗಿ ಬಿಗಿದಿರುವವರಿಗೆ ಪಂದ್ಯದ ಓಟವು ಅಪಾಯಕರ. ಲೋಹದ ಕವಾಟವಿದ್ದು ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಿಗೆ ಕಬಡ್ಡಿಯಂತಹ, ಪೆಟ್ಟು ಬೀಳುವ ಆಟವು ಸಲ್ಲದು. ನೀಲಿಗಟ್ಟುವ ಮಗುವು ಆಟದ ನಡುವೆ ಕುಕ್ಕರಗಾಲಿನಲ್ಲಿ ಕುಳಿತರೆ ಎಬ್ಬಿಸಕೂಡದು. ಆ ಭಂಗಿಯಿಂದ ಶ್ವಾಸಕೋಶಕ್ಕೆ ರಕ್ತವು ಹೆಚ್ಚಾಗಿ ಹರಿಯುವುದು. ಓಡುವಾಗ ಮೂರ್ಛೆ ಬಂದರೆ, ಎದೆ ನೊಂದರೆ, ಆಟ ನಿಲ್ಲಿಸಿ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲಿಯೂ ಸರಕಾರಿ ಶಾಲೆಗಳಲ್ಲಿಯೂ ಮಕ್ಕಳನ್ನು ಪರೀಕ್ಷಿಸುವಾಗ ಹೃದಯದೋಷವನ್ನೂ ಹುಡುಕುವುವು. ದೋಷವು ತಿಳಿದ ಬಳಿಕ ತಂದೆತಾಯಿಗಳು ಹೃದ್ರೋಗತಜ್ಞರನ್ನು, "ಆಡಬಹುದೆ?" ಎಂದಷ್ಟೇ ಕೇಳಿ ಬರಬಾರದು. ಯಾವ ಆಟ, ಎಷ್ಟು ಹೊತ್ತು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದನ್ನು ಕಾಗದದಲ್ಲಿ ಬರೆಯಿಸಿಕೊಂಡು, ಒಂದು ಪ್ರತಿಯನ್ನು ಡ್ರಿಲ್ ಮೇಷ್ಟರ ಕೈಗೆ ಕೊಡಬೇಕು. ಮಗುವು ಬೆಳೆದಂತೆ ಹೃದಯದ ಸ್ಥಿತಿಯೂ ಬದಲಾಗುವುದರಿಂದ, ಮುಂದಿನ ಪರೀಕ್ಷೆ ಎಂದೆಂಬುದನ್ನೂ ಅದೇ ಕಾಗದದಲ್ಲಿ ಬರೆಯಿಸತಕ್ಕದ್ದು.