ಕಾಖೇತಿಯ ಮಾರಾನಿಗಳು

ದ್ರಾಕ್ಷಾರಸದಿಂದಾದ ಮದ್ಯಕ್ಕೆ ಪ್ರಾಚೀನ ಸಂಸ್ಕೃತ ಗ್ರಂಥಗಳಲ್ಲಿ ‘ಮಧು’ ಎಂಬ ಹೆಸರುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಇದರ ಭೇದಗಳನ್ನು ಅವು ಹುಟ್ಟಿದ ದೇಶಗಳ ಹೆಸರಿನಿಂದಲೇ, ಕಾಪಿಶಾಯನವೆಂದೂ ಹಾರಹೂರಕವೆಂದೂ, ಗುರುತಿಸಿದೆ. ಕಾಪಿಶೀ ಎಂಬ ಊರಿನ ಹೆಸರಿನಿಂದ ಕಾಪಿಶಾಯನವೆಂಬ ರೂಪವನ್ನು ಸಾಧಿಸುವುದಕ್ಕಾಗಿ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿರುವನು. ಇಂದಿನ ಆಫ್ಘಾನಿಸ್ತಾನದ ಬೆಗ್ರಾಮಿನ ಬಳಿ ಇದ್ದ ಆ ಪಟ್ಟಣವು ಅಳಿದು, ಅದರ ಮಧುವಿನ ಹೆಸರು ಮಾತ್ರ ವ್ಯಾಕರಣದಲ್ಲಿ ಉಳಿದಿದೆ. ಹೆಸರಿನೊಡನೆ ಕೆಲಸವೂ ಉಳಿದಿರುವ ಪ್ರಾಂತಗಳು ವಿರಳ. ಅಂತಹವುಗಳಲ್ಲಿ ಜಾರ್ಜಿಯಾ ದೇಶದ ಕಾಖೇತಿ ಒಂದು. ಫ್ರಾನ್ಸ್, ಇಟಲಿಗಳ ದ್ರಾಕ್ಷಾತೋಟಗಳ ಕೀರ್ತಿಯನ್ನು ಕೇಳಿದವರಲ್ಲಿಯೂ ಅನೇಕರು ಈ ಹೆಸರನ್ನು ಕೇಳಿರಲಾರರು. ಅಲ್ಲಿಗೆ ಹೋಗುವವನು ನೋಡಬೇಕಾದುದೇನು, ನೋಡಿದುದನ್ನು ತಿಳಿಯಬೇಕಾದುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾಖೇತಿಯು ಜಾರ್ಜಿಯಾದ ಪೂರ್ವಭಾಗದ ಪ್ರಾಂತ. ಉತ್ತರದಲ್ಲಿ ಕಾಕಸಸ್ ಮಹಾಪರ್ವತ. ಅದರ ಬುಡದಲ್ಲಿ ಅಲಾಜಾನಿ ನದಿಯ ವಿಶಾಲವಾದ ಕಣಿವೆ. ರಾಜಧಾನಿಯಾದ ತ್ಬಿಲಿಸಿಯಿಂದ ಹೊರಟವನು 1600 ಮೀಟರಿಗೂ ಎತ್ತರವಾದ ಗೊಂಬೋರಿ ಘಟ್ಟವನ್ನು ಹತ್ತಿಳಿದು ಪ್ರಾಂತದ ಮುಖ್ಯ ಪಟ್ಟಣವಾದ ತೆಲಾವಿಯನ್ನು ಸೇರಬಹುದು. ಆ ದೇಶದ ದ್ರಾಕ್ಷಾತೋಟಗಳಲ್ಲಿ ಬಹುಭಾಗವು ಈ ಒಂದು ಪ್ರಾಂತದಲ್ಲಿಯೇ ಇರುವುದು. ಮನೆಯ ಅಂಗಳದಲ್ಲಿ ದ್ರಾಕ್ಷಿಯ ಚಪ್ಪರ, ಮನೆಯ ಮಗ್ಗುಲಲ್ಲಿ ಮದ್ಯವನ್ನು ಸಿದ್ಧಪಡಿಸುವ ಕೊಠಡಿ, ಇವು ಅಲ್ಲಿಯ ಹಳ್ಳಿಗಳ ಸಾಮಾನ್ಯ ಲಕ್ಷಣಗಳು. ಈ ಕೊಠಡಿಯನ್ನೇ ‘ಮಾರಾನಿ’ ಎಂದು ಕರೆಯುವರು.

ಮಾರಾನಿಯೊಳಕ್ಕೆ ಕಾಲಿಟ್ಟವನಿಗೆ ಮೊದಲು ಏನೂ ಕಾಣದು. ಪೀಪಾಯಿಗಳಿಲ್ಲ, ಉಕ್ಕಿನ ಕೊಳಗಗಳಿಲ್ಲ. ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಬಾಯಿಗಳು ಮಾತ್ರ ಇರುವುವು. ಒಂದೊಂದು ಬಾಯಿಯ ಕೆಳಗೂ ‘ಕ್ವೇವ್ರಿ’ ಎಂಬ ದೊಡ್ಡ ಮಣ್ಣಿನ ಗುಡಾಣವು ಕತ್ತಿನವರೆಗೆ ಹೂತಿರುವುದು. ಧಾನ್ಯವನ್ನು ಹಗೇವಿನಲ್ಲಿ ಕಾಪಾಡುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ನೆಲವನ್ನೇ ಉಗ್ರಾಣವಾಗಿ ಮಾಡಿಕೊಳ್ಳುವ ಈ ಯುಕ್ತಿಯು ಹೊಸದೆನಿಸದು. ಕ್ವೇವ್ರಿಯ ಆಕಾರ ಮೊಟ್ಟೆಯಂತೆ, ತಳ ಚೂಪು. ಚಿಕ್ಕವು ಕೆಲವೇ ಲೀಟರುಗಳನ್ನೂ, ಅತಿ ದೊಡ್ಡವು ಸಾವಿರಾರು ಲೀಟರುಗಳನ್ನೂ ಹಿಡಿಯುವುವು. ಸಾಮಾನ್ಯವಾದುದು ಸುಮಾರು 800 ಲೀಟರು. ಒಳಮೈಗೆ ಜೇನುಮೇಣವನ್ನು ಲೇಪಿಸಿರುವರು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ‘ರ್ತ್ವೇಲಿ’ ಎಂಬ ದ್ರಾಕ್ಷಿಯ ಸುಗ್ಗಿ. ನೋಡಲು ಹೋಗುವವನಿಗೆ ಇದೇ ತಕ್ಕ ಕಾಲ. ಹಣ್ಣನ್ನು ‘ಸತ್ಸ್ನಾಖೆಲಿ’ ಎಂಬ ಮರದ ದೋಣಿಯಲ್ಲಿ ಸುರಿದು ಕಾಲಿನಿಂದ ತುಳಿಯುವುದು ಹಳೆಯ ಕ್ರಮ. ಕಾಖೇತಿಯ ವಿಶೇಷವೇನೆಂದರೆ, ರಸವನ್ನು ಸೋಸಿ ತೆಗೆಯದೆ, ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ಎಲ್ಲವನ್ನೂ ಕ್ವೇವ್ರಿಗೆ ಹಾಕುವರು. ಪಶ್ಚಿಮದ ಇಮೆರೇತಿ ಪ್ರಾಂತದಲ್ಲಿ ಸಿಪ್ಪೆಯ ಸ್ವಲ್ಪ ಭಾಗವನ್ನು ಮಾತ್ರ ಸೇರಿಸುವರು. ಹೊರಗಿನಿಂದ ಕಿಣ್ವವನ್ನು ಬೆರೆಸುವುದಿಲ್ಲ. ಹಣ್ಣಿನ ಮೈಯಲ್ಲಿಯೂ ಮಾರಾನಿಯ ಗಾಳಿಯಲ್ಲಿಯೂ ಇರುವ ಕಿಣ್ವಗಳಿಂದಲೇ ಸಂಧಾನಕ್ರಿಯೆ ನಡೆಯುವುದು. ರಸವು ಕುದಿಯುವಾಗ ಸಿಪ್ಪೆಗಳು ಮೇಲೆದ್ದು ದಪ್ಪನೆಯ ಪದರವಾಗಿ ನಿಲ್ಲುವುದರಿಂದ, ದಿನಕ್ಕೆ ಹಲವು ಬಾರಿ ಮರದ ಕೋಲಿನಿಂದ ಅದನ್ನು ಕೆಳಕ್ಕೆ ತಳ್ಳಬೇಕು. ಕುದಿತ ಅಡಗಿದ ಮೇಲೆ ಬಾಯಿಗೆ ಮುಚ್ಚಳವಿಟ್ಟು, ಮಣ್ಣಿನಿಂದ ಮುದ್ರಿಸಿ, ಐದಾರು ತಿಂಗಳು ಹಾಗೆಯೇ ಬಿಡುವರು. ವಸಂತದಲ್ಲಿ ತೆರೆಯುವರು.

ಈ ಕಾಲದಲ್ಲಿ ಒಳಗೆ ನಡೆಯುವುದನ್ನು ತಿಳಿದರೆ ಪಾತ್ರೆಯ ಆಕಾರದ ಕಾರಣವೂ ತಿಳಿಯುವುದು. ಸುತ್ತಲಿನ ಮಣ್ಣು ಚಳಿಯನ್ನೂ ಸೆಕೆಯನ್ನೂ ತಡೆದು ರಸವನ್ನು ಒಂದೇ ಹದದ ತಂಪಿನಲ್ಲಿಡುವುದು. ಬೀಜಗಳು ಚೂಪಾದ ತಳಕ್ಕೆ ಇಳಿದು, ಅವುಗಳ ಮೇಲೆ ಗಸಿಯೂ ಸಿಪ್ಪೆಯೂ ಕೂಡುವುದರಿಂದ ಬೀಜದ ಕಹಿಯು ರಸಕ್ಕೆ ಮಿತಿಮೀರಿ ಬಿಡಲಾರದು. ಸಿಪ್ಪೆ ತೊಟ್ಟುಗಳ ಒಗರು ರಸವನ್ನು ಕೆಡದಂತೆ ಕಾಯುವುದು. ಬಿಳಿಯ ದ್ರಾಕ್ಷಿಯಿಂದ ಮಾಡಿದ ಮದ್ಯಕ್ಕೂ ತೃಣಮಣಿಯ ಹೊಂಬಣ್ಣ ಬರುವುದು ಇದರಿಂದಲೇ. ತೆರೆದ ಕ್ವೇವ್ರಿಯಿಂದ ಮದ್ಯವನ್ನು ಮೊಗೆಯುವ ಸಾಧನ ‘ಒರ್ಶಿಮೊ’. ಇದು ಉದ್ದನೆಯ ಹಿಡಿಯುಳ್ಳ ಸೋರೆಬುರುಡೆಯಲ್ಲದೆ ಬೇರೆಯಲ್ಲ.

ಆಯುರ್ವೇದದ ಆಸವಾರಿಷ್ಟಗಳ ವಿಧಿಯನ್ನು ಬಲ್ಲವರು ಇಲ್ಲಿ ಒಂದು ಸಾದೃಶ್ಯವನ್ನು ಕಾಣುವರು. ದ್ರಾಕ್ಷಾದಿ ದ್ರವ್ಯಗಳನ್ನು ತುಪ್ಪ ಸವರಿದ ಮಣ್ಣಿನ ಭಾಂಡದಲ್ಲಿಟ್ಟು, ಬಾಯಿಯನ್ನು ಮುದ್ರಿಸಿ, ನೆಲದಲ್ಲಿಯೋ ಧಾನ್ಯರಾಶಿಯಲ್ಲಿಯೋ ಹೂಳುವುದು ಅಲ್ಲಿಯೂ ಉಂಟು. ಆದರೆ ಇದರಿಂದ ಒಂದು ದೇಶವು ಇನ್ನೊಂದರಿಂದ ಕಲಿಯಿತೆಂದು ಊಹಿಸುವುದು ಸಾಹಸ. ಮಣ್ಣಿನ ತಂಪು ಸಂಧಾನಕ್ಕೆ ಹಿತವೆಂಬ ಅನುಭವ ಎರಡು ಕಡೆಯೂ ಸ್ವತಂತ್ರವಾಗಿ ಹುಟ್ಟಬಹುದು. ಕನ್ನಡದಲ್ಲಿ ‘ಹುದುಗು’ ಎಂಬ ಮಾತು ಮರೆಯಾಗಿ ಅಡಗಿರುವುದಕ್ಕೂ, ಹಿಟ್ಟು ಉಬ್ಬಿ ಹುಳಿಯಾಗುವುದಕ್ಕೂ ಸಲ್ಲುವುದು. ಕ್ವೇವ್ರಿಯ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೇ ಕ್ರಿಯೆಯಲ್ಲಿ ಕೂಡಿವೆ.

ಅಲ್ಲಿಯ ಹೆಸರುಗಳೂ ವಿಚಾರಾರ್ಹವಾದುವು. ಬಿಳಿಯ ಹಣ್ಣುಗಳಲ್ಲಿ ಪ್ರಧಾನವಾದ ‘ರ್ಕಾತ್ಸಿತೇಲಿ’ ಎಂಬುದಕ್ಕೆ ಕೆಂಪು ಕುಡಿಯುಳ್ಳದು ಎಂದರ್ಥ; ಕಪ್ಪು ಹಣ್ಣಾದ ‘ಸಾಪೆರಾವಿ’ ಎಂದರೆ ಬಣ್ಣ ಕಟ್ಟುವುದು. ಸಾಮಾನ್ಯವಾದ ಕಪ್ಪು ದ್ರಾಕ್ಷಿಗೆ ಸಿಪ್ಪೆಯಲ್ಲಿ ಮಾತ್ರ ಬಣ್ಣವಿದ್ದರೆ, ಇದರ ತಿರುಳೂ ಕೆಂಪಾಗಿರುವುದರಿಂದ ಹೆಸರು ಅನ್ವರ್ಥ. ಮದ್ಯಕ್ಕೆ ಆ ಭಾಷೆಯಲ್ಲಿ ‘ಘ್ವಿನೊ’ ಎನ್ನುವರು. ಇದಕ್ಕೂ ಲ್ಯಾಟಿನ್ನಿನ ‘ವೀನುಮ್’ ಶಬ್ದಕ್ಕೂ ಸಂಬಂಧ ಸ್ಪಷ್ಟವಾದರೂ, ಯಾವುದು ಯಾವುದಕ್ಕೆ ಮೂಲವೆಂಬ ವಿಷಯದಲ್ಲಿ ಭಾಷಾಶಾಸ್ತ್ರಜ್ಞರಲ್ಲಿ ಏಕಾಭಿಪ್ರಾಯವಿಲ್ಲ.

ಸಾಹಿತ್ಯಾಸಕ್ತರು ತೆಲಾವಿಯ ಸುತ್ತಲಿನ ಮೂರು ಸ್ಥಳಗಳನ್ನು ಅವಶ್ಯವಾಗಿ ನೋಡಬೇಕು. ಮೊದಲನೆಯದು ಇಕಾಲ್ತೊ ಮಠ. ಮಧ್ಯಯುಗದಲ್ಲಿ ಇಲ್ಲಿ ಒಂದು ವಿದ್ಯಾಪೀಠವಿದ್ದಿತು. ಜಾರ್ಜಿಯಾದ ಮಹಾಕವಿ ಶೋತಾ ರುಸ್ತವೇಲಿಯು ಇಲ್ಲಿ ಓದಿದನೆಂಬುದು ಐತಿಹ್ಯ. ವಿದ್ಯಾಪೀಠದ ಗೋಡೆಗಳ ಬಳಿಯೇ ಹಳೆಯ ಕ್ವೇವ್ರಿಗಳು ಬಿದ್ದಿರುವುವು. ಎರಡನೆಯದು 11ನೆಯ ಶತಮಾನದ ಅಲಾವೆರ್ದಿ ದೇವಾಲಯ. ಅಲ್ಲಿಯ ಸನ್ಯಾಸಿಗಳು ನಿಂತುಹೋಗಿದ್ದ ಕ್ವೇವ್ರಿಯ ಕೆಲಸವನ್ನು ಈ ಶತಮಾನದಲ್ಲಿ ಮತ್ತೆ ಆರಂಭಿಸಿರುವರು. ಮೂರನೆಯದು ತ್ಸಿನಂದಾಲಿ. ಇದು ಕವಿಯೂ ಸೇನಾನಿಯೂ ಆಗಿದ್ದ ಅಲೆಕ್ಸಾಂದ್ರ್ ಚಾವ್‌ಚಾವಾಜೆಯ (1786–1846) ನಿವಾಸ. ರಷ್ಯದ ನಾಟಕಕಾರ ಗ್ರಿಬೊಯೆದೋವನು 1828ರಲ್ಲಿ ವರಿಸಿದ ನೀನೊ ಎಂಬಾಕೆ ಈತನ ಮಗಳು. ಚಾವ್‌ಚಾವಾಜೆಯು ಐರೋಪ್ಯಪದ್ಧತಿಯಂತೆ ಮದ್ಯವನ್ನು ಮಾಡಿಸಿದನು. ಆದುದರಿಂದ ಕಾಖೇತಿಯಲ್ಲಿ ಎರಡು ಸಂಪ್ರದಾಯಗಳು ಸೇರಿದ ಸ್ಥಳವಿದು.

ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸದಿದ್ದರೆ ಪ್ರವಾಸವು ನಿಷ್ಫಲ. ಪೀಪಾಯಿ, ಸೀಸೆ, ಯಂತ್ರಗಳಿಂದ ಕೂಡಿದ ದೊಡ್ಡ ಶಾಲೆಗಳು ಬೇರೆ ದೇಶಗಳಲ್ಲಿಯೂ ಉಂಟು. ಕಾಖೇತಿಯ ಸ್ವಂತವಾದುದು ಮಾರಾನಿ. ಅದರ ಪ್ರಾಚೀನತೆಯನ್ನು ಹೇಳುವಾಗಲೂ ವಿವೇಕ ಬೇಕು. ತ್ಬಿಲಿಸಿಯ ದಕ್ಷಿಣದ ಗದಾಚ್ರಿಲಿ ಗೋರಾ, ಶುಲಾವೆರಿಸ್ ಗೋರಾ ಎಂಬ ದಿಬ್ಬಗಳಲ್ಲಿ ದೊರೆತ ಮಡಕೆಚೂರುಗಳಲ್ಲಿ ದ್ರಾಕ್ಷಾಮದ್ಯದ ಅಂಶಗಳಿರುವುದನ್ನು 2017ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಆ ಪಾತ್ರೆಗಳ ಕಾಲ ಸುಮಾರು ಕ್ರಿ. ಪೂ. 6000ದಿಂದ 5800. ಇದರಿಂದ ಆ ದೇಶದ ಮದ್ಯವಿದ್ಯೆಗೆ ಎಂಟು ಸಾವಿರ ವರ್ಷಗಳೆಂದು ಹೇಳುವುದು ಯುಕ್ತವೇ. ಇಂದಿನ ಕ್ವೇವ್ರಿಯೇ ಅಂದೂ ಇದ್ದಿತೆಂದು ಹೇಳುವುದು ಯುಕ್ತವಲ್ಲ. ಆ ದಿಬ್ಬಗಳು ಕಾಖೇತಿಯಲ್ಲಿಯೂ ಇಲ್ಲ.

ಇಷ್ಟು ದೀರ್ಘವಾದ ಪರಂಪರೆಯು ಕಳೆದ ಶತಮಾನದಲ್ಲಿ ತುಂಡಾಗುವುದರಲ್ಲಿದ್ದಿತು. ಸೋವಿಯತ್ ಆಳ್ವಿಕೆಯಲ್ಲಿ ದ್ರಾಕ್ಷಿಯು ದೊಡ್ಡ ಕಾರ್ಖಾನೆಗಳಿಗೆ ಹೋಗತೊಡಗಿತು. ತೂಕವೇ ಗುಣವೆಂದಾದುದರಿಂದ, ಆ ದೇಶದಲ್ಲಿ 500ಕ್ಕೂ ಮೀರಿದ ದ್ರಾಕ್ಷೀಜಾತಿಗಳಿದ್ದರೂ ಹೆಚ್ಚು ಫಲ ಕೊಡುವ ಕೆಲವೇ ಜಾತಿಗಳನ್ನು ಬೆಳೆಸಿದರು. 1985ರಲ್ಲಿ ಗೊರ್ಬಚೇವನ ಸರಕಾರವು ಕೈಗೊಂಡ ಪಾನನಿಗ್ರಹದ ಕಾಲದಲ್ಲಿ ತೋಟಗಳನ್ನೇ ಕಿತ್ತುಹಾಕಿದರು. 1991ರಲ್ಲಿ ಸ್ವಾತಂತ್ರ್ಯ ಬಂದಿತು. ಆದರೆ ಮುಖ್ಯ ಗಿರಾಕಿಯಾದ ರಷ್ಯವು 2006ರಲ್ಲಿ ಜಾರ್ಜಿಯಾದ ಮದ್ಯವನ್ನು ಬಹಿಷ್ಕರಿಸಿ, 2013ರವರೆಗೆ ಬಾಗಿಲು ತೆರೆಯಲಿಲ್ಲ. ಈ ಎಲ್ಲ ಕಾಲದಲ್ಲಿಯೂ ಕ್ವೇವ್ರಿಯು ಉಳಿದುದು ರೈತರ ಮನೆಗಳಲ್ಲಿ. ಮಾರಾಟಕ್ಕಲ್ಲದೆ, ಮದುವೆಗೆ, ಹಬ್ಬಕ್ಕೆ, ಬಂದ ಅತಿಥಿಗೆ ಬೇಕೆಂದು ಮಾಡಿದ ಅಲ್ಪ ಪ್ರಮಾಣದ ಮದ್ಯವೇ ವಿದ್ಯೆಯನ್ನು ಕಾಪಾಡಿತು. ರಷ್ಯದ ಬಾಗಿಲು ಮುಚ್ಚಿದ ಮೇಲೆ ದೂರದೇಶಗಳ ಗಿರಾಕಿಗಳನ್ನು ಹುಡುಕಿದವರಿಗೆ, ತಮ್ಮಲ್ಲಿರುವ ಅಸಾಮಾನ್ಯ ವಸ್ತುವು ಕಾರ್ಖಾನೆಯದಲ್ಲ, ಅಜ್ಜನ ಮಾರಾನಿಯದು ಎಂದು ತೋರಿತು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಈ ವಿಧಾನವನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಹಳೆಯ ಗ್ರಂಥಗಳು ಅರಮನೆಯ ಭಂಡಾರದಲ್ಲಿ ನಶಿಸಿ, ಹಳ್ಳಿಯ ಮನೆಯ ಅಟ್ಟದ ಓಲೆಗಳಲ್ಲಿ ದೊರೆಯುವುದನ್ನು ಬಲ್ಲ ವಿದ್ವಾಂಸರಿಗೆ ಈ ವೃತ್ತಾಂತವು ಅಪರಿಚಿತವಲ್ಲ.

ಆದರೂ ಕೀರ್ತಿಯಿಂದ ವಿದ್ಯೆಯು ನಿರಪಾಯವಾಯಿತೆಂದು ಭಾವಿಸಲಾಗದು. ಮಾರಾನಿಗೆ ಕ್ವೇವ್ರಿ ಬೇಕು; ಕ್ವೇವ್ರಿಗೆ ಕುಂಬಾರನು ಬೇಕು. ತೆಲಾವಿಯ ಸಮೀಪದ ವರ್ದಿಸುಬಾನಿ ಮೊದಲಾದ ಕೆಲವೇ ಹಳ್ಳಿಗಳಲ್ಲಿ, ಕೆಲವೇ ಮನೆತನದವರು ಈ ಕೆಲಸವನ್ನು ಬಲ್ಲರು. ಇಷ್ಟು ದೊಡ್ಡ ಪಾತ್ರೆಯನ್ನು ತಿಗರಿಯ ಮೇಲೆ ಎತ್ತಲಾಗದು. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದಾಗಿ ಕೈಯಿಂದ ಕೂಡಿಸಿ, ಕೆಳಗಿನದು ಆರಿ ಬಿಗಿದ ಬಳಿಕವೇ ಮೇಲಿನದನ್ನು ಸೇರಿಸಬೇಕು. ಅವಸರಪಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುವುದು. ಆದುದರಿಂದ ದೊಡ್ಡ ಕ್ವೇವ್ರಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಲ ಹಿಡಿಯುವುದು. ಆಮೇಲೆ ಹಲವು ದಿನಗಳ ಕಾಲ ಕಟ್ಟಿಗೆಯ ಆವಿಗೆಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಮೇಣವನ್ನು ಬಳಿಯಬೇಕು. ಒಂದು ಸೂಕ್ಷ್ಮವಾದ ಬಿರುಕು ಉಳಿದರೂ ಹೂತ ಮೇಲೆ ಅದನ್ನು ಕಾಣುವ ಉಪಾಯವಿಲ್ಲ. ಒಂದು ವರ್ಷದ ಫಲವೆಲ್ಲ ಮಣ್ಣುಪಾಲು. ಇಂತಹ ಹೊಣೆಯ ಕೆಲಸವು ಪುಸ್ತಕದಿಂದ ಬರುವಂತಹುದಲ್ಲ. ತಂದೆಯ ಕೈಯನ್ನು ನೋಡಿ ಮಗನು ಕಲಿಯಬೇಕು.

ಮನೆಯ ಮಾರಾನಿಗೆ ಹೋದವನನ್ನು ಗಿರಾಕಿಯಂತಲ್ಲದೆ ಅತಿಥಿಯಂತೆ ಕಾಣುವರು. ರೊಟ್ಟಿ, ಗಿಣ್ಣುಗಳೊಡನೆ ಪಾನಪಾತ್ರೆ ಬರುವುದು. ಔತಣವಾದರೆ ‘ತಾಮಾದ’ ಎಂಬ ಸಭಾನಾಯಕನು ಎದ್ದು ದೇವರನ್ನೂ, ದೇಶವನ್ನೂ, ಗತಿಸಿದವರನ್ನೂ, ಮಕ್ಕಳನ್ನೂ ಕುರಿತು ಒಂದೊಂದಾಗಿ ನುಡಿದ ಬಳಿಕವೇ ಉಳಿದವರು ಕುಡಿಯಬೇಕು. ‘ಗಾಉಮಾರ್ಜೋಸ್’, ಎಂದರೆ ಜಯವಾಗಲಿ ಎಂಬುದು ಅವರ ಆಶೀರ್ವಚನ. ಮದ್ಯವನ್ನು ಮುಟ್ಟದ ವ್ರತದವನೂ ಅಲ್ಲಿ ಕೂತು ಕೇಳಬಹುದಾದುದು ಬಹಳವುಂಟು. 1977ರಲ್ಲಿ ವೊಯೇಜರ್ ನೌಕೆಗಳೊಡನೆ ಆಕಾಶಕ್ಕೆ ಕಳುಹಿಸಿದ ಸುವರ್ಣಮುದ್ರಿಕೆಯಲ್ಲಿ ಸೇರಿರುವ ‘ಚಾಕ್ರೂಲೊ’ ಎಂಬ ಬಹುಕಂಠಗಾನವು ಕಾಖೇತಿಯ ಇಂತಹ ಪಂಕ್ತಿಗಳ ಹಾಡೇ ಆಗಿದೆ.

ಹೀಗೆ ಕಾಖೇತಿಗೆ ಹೋಗುವವನು ತ್ಸಿನಂದಾಲಿಯ ಸೌಧವನ್ನು ನೋಡಲಿ, ಅಲಾವೆರ್ದಿಯ ಗೋಪುರವನ್ನು ನೋಡಲಿ, ಒಂದು ಹಳ್ಳಿಯ ಮಾರಾನಿಯನ್ನೂ ಒಬ್ಬ ಕುಂಬಾರನ ಆವಿಗೆಯನ್ನೂ ನೋಡದೆ ಹಿಂದಿರುಗಬಾರದು. ಕಾಪಿಶಾಯನವು ಸೂತ್ರದಲ್ಲಿ ಉಳಿಯಿತು. ಅದನ್ನು ಮಾಡುತ್ತಿದ್ದ ಕೈಗಳು ಉಳಿಯಲಿಲ್ಲ. ಕಾಖೇತಿಯಲ್ಲಿ ಹೆಸರೂ ಉಂಟು, ಕೈಗಳೂ ಉಂಟು. ಅವೆರಡೂ ಇನ್ನು ಮುಂದೆಯೂ ಕೂಡಿಯೇ ಇರುವುವೋ ಇಲ್ಲವೋ ಎಂಬುದು ವರ್ದಿಸುಬಾನಿಯಂತಹ ಊರುಗಳ ಮಕ್ಕಳು ಮಣ್ಣನ್ನು ಕೈಗೆತ್ತಿಕೊಳ್ಳುವುದನ್ನು ಅವಲಂಬಿಸಿದೆ.